ಹಳೆ ಸ್ಪೋರ್ಟ್ಸ್ ಕಾರಿನ ಆಯಿಲ್ ಚೇಂಜ್: ನೀವೇ ಮಾಡಿ, ಇಳಿದ ಆಯಿಲನ್ನು ನೋಡಿ

ಗ್ಯಾರೇಜಿನಲ್ಲಿ ಆಯಿಲ್ ಚೇಂಜ್ ಮಾಡಿಸಿದರೆ ಹಳೆ ಆಯಿಲ್ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನೀವು ಬಿಲ್ ಕಟ್ಟುವ ಹೊತ್ತಿಗೆ ಅದು ಡ್ರಮ್ ಸೇರಿರುತ್ತದೆ. ಹೊಸ ಕಾರಿಗೆ ಅದರಿಂದ ನಷ್ಟವೇನಿಲ್ಲ. ಆದರೆ ಇಪ್ಪತ್ತು, ಮೂವತ್ತು ವರ್ಷದ ಸ್ಪೋರ್ಟ್ಸ್ ಕಾರಿನ ಮಾತು ಬೇರೆ. ಇಂಜಿನ್ ಬಿಚ್ಚದೆ ಅದರ ಒಳಗಿನ ಸ್ಥಿತಿ ತಿಳಿಯಬೇಕಾದರೆ ಇಳಿದ ಆಯಿಲ್ ಮತ್ತು ಹಳೆ ಫಿಲ್ಟರ್‌ಗಿಂತ ಅಗ್ಗದ ದಾರಿ ಇಲ್ಲ. ಹಣ ಉಳಿಯುತ್ತದೆ ಅಂತ ಈ ಕೆಲಸಕ್ಕೆ ಕೈಹಾಕಬೇಡಿ. ಉಳಿಯುವುದು ಲೇಬರ್ ಚಾರ್ಜ್ ಮಾತ್ರ. ಮೊದಲ ಸಲ ಜಾಕು, ಸ್ಟ್ಯಾಂಡು ಕೊಳ್ಳುವಾಗಲೇ ಅದು ಖರ್ಚಾಗಿರುತ್ತದೆ.

ಬೆಂಗಳೂರಿನಲ್ಲಿ ಇಂಥ ಕಾರುಗಳು ಕಮ್ಮಿ, ಆದರೆ ಇವೆ. ಗೋವಾದಲ್ಲಿ ತಯಾರಾಗುತ್ತಿದ್ದ, ರೆನೊ 1.2 ಲೀಟರ್ ಇಂಜಿನ್ನಿನ ಎರಡು ಸೀಟಿನ ಸಾನ್ ಸ್ಟಾರ್ಮ್ ಉಳಿದಿದೆ. ಹೊರದೇಶದಿಂದ ಬಂದ ಮಾಜ್ದಾ ಎಂಎಕ್ಸ್-5, ಪೋರ್ಶೆ ಬಾಕ್ಸ್‌ಸ್ಟರ್ ಕೂಡ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರಸ್ತೆಯಲ್ಲಿ ಕಾಣಿಸಬಹುದು. ಇಲ್ಲಿ 1989ರಲ್ಲಿ ಶುರುವಾದ ಮೊದಲ ಪೀಳಿಗೆಯ ಎಂಎಕ್ಸ್-5, ಅದರಲ್ಲೂ 1.6 ಲೀಟರ್ ಇಂಜಿನ್ನನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಇಂಜಿನ್ ಮುಂದಿದೆ, ಸರಳವಾಗಿದೆ, ಕಲಿಯುವವರಿಗೆ ಸರಿ. 1996ರಿಂದ 2004ರವರೆಗಿನ ಬಾಕ್ಸ್‌ಸ್ಟರ್‌ನಲ್ಲಿ ಕೆಲಸ ಎಲ್ಲಿ ಬೇರೆ ಎಂಬುದನ್ನು ನಡುನಡುವೆ ಹೇಳುತ್ತೇನೆ. ನಿಮ್ಮದು ಬೇರೆ ಕಾರಾದರೆ ಕ್ರಮ ಇದೇ. ಅಳತೆ ಮಾತ್ರ ನಿಮ್ಮ ಕಾರಿನ ಪುಸ್ತಕದಿಂದಲೇ ತೆಗೆದುಕೊಳ್ಳಿ.

ಯಾವಾಗ, ಯಾವ ಆಯಿಲ್?

ವಾರಕ್ಕೊಮ್ಮೆ ಹೊರಡುವ ಕಾರಿಗೆ ಕಿಲೋಮೀಟರ್ ಲೆಕ್ಕ ನಂಬಬೇಡಿ. ಇಂದಿರಾನಗರದಿಂದ ಕೋರಮಂಗಲಕ್ಕೆ ಹೋಗಿ ಬಂದರೆ ಇಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ಗಾಡಿ ನಿಂತಿರುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಸ್ವಲ್ಪ ಪೆಟ್ರೋಲು, ಸ್ವಲ್ಪ ನೀರಿನ ಆವಿ ಆಯಿಲ್‌ಗೆ ಸೇರುತ್ತಲೇ ಇರುತ್ತವೆ. ದೂರದ ಓಟವಿದ್ದರೆ ಅವು ಆವಿಯಾಗಿ ಹೋಗುತ್ತವೆ. ಇಲ್ಲದಿದ್ದರೆ ಅಲ್ಲೇ ಉಳಿಯುತ್ತವೆ. ಹಾಗಾಗಿ ನನ್ನ ಲೆಕ್ಕ ಇಷ್ಟೇ: 5,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕಂಪನಿ ಪುಸ್ತಕದಲ್ಲಿ ಇದಕ್ಕಿಂತ ಉದ್ದದ ಅಂತರ ಬರೆದಿರಬಹುದು. ಅದನ್ನು ಬರೆದಾಗ ಇಂಜಿನ್ ಹೊಸದಾಗಿತ್ತು, ಅಲ್ವಾ?

ಡಬ್ಬಿಯ ಮೇಲೆ 10ಡಬ್ಲ್ಯೂ-40 ಎಂದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. ಯುರೋಪಿನ ಹಿಮಕ್ಕೆ ಬೇಕಾದ ಮೊದಲ ಅಂಕಿ ನಮ್ಮ ಊರಿಗೆ ಅಷ್ಟೇನೂ ಮುಖ್ಯವಲ್ಲ. ಹಳೆ ಎಂಎಕ್ಸ್-5ಕ್ಕೆ ಇಲ್ಲಿ 10ಡಬ್ಲ್ಯೂ-30 ಅಥವಾ 10ಡಬ್ಲ್ಯೂ-40 ಸಾಕು. ಬಾಕ್ಸ್‌ಸ್ಟರ್‌ಗೆ 0ಡಬ್ಲ್ಯೂ-40 ಅಥವಾ 5ಡಬ್ಲ್ಯೂ-40 ಬೇಕು. ಡಬ್ಬಿಯ ಹಿಂಭಾಗದಲ್ಲಿ ಪೋರ್ಶೆ ಎ40 ಎಂಬ ಒಪ್ಪಿಗೆ ಬರೆದಿರಬೇಕು.

ಇನ್ನೂ ಹಳೆಯ, 1960, 70ರ ದಶಕದ ಇಂಜಿನ್ ಇದ್ದವರಿಗೆ ಒಂದು ಎಚ್ಚರಿಕೆ. ಅವುಗಳ ವಾಲ್ವ್ ತೆರೆಯುವ ಭಾಗಗಳಾದ ಕ್ಯಾಮ್, ಟ್ಯಾಪೆಟ್ ಸವೆಯದಂತೆ ಕಾಯುವುದು ಆಯಿಲ್‌ನಲ್ಲಿರುವ ಸತು, ರಂಜಕದ ಅಂಶ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತದೆ ಅಂತ, ಆಯಿಲ್‌ಗೆ ಗುಣಮಟ್ಟ ಗೊತ್ತುಮಾಡುವ ಅಮೆರಿಕದ ಸಂಸ್ಥೆ ಎಪಿಐಯ 2004ರ ಎಸ್‌ಎಂ ದರ್ಜೆಯಿಂದ ಈಚೆಗೆ 5ಡಬ್ಲ್ಯೂ-30, 10ಡಬ್ಲ್ಯೂ-30ಯಂಥ ತೆಳು ಆಯಿಲ್‌ಗಳಲ್ಲಿ ರಂಜಕಕ್ಕೆ 0.08 ಶೇಕಡದ ಮಿತಿ ಬಂತು. 20ಡಬ್ಲ್ಯೂ-50ಯಂಥ ದಪ್ಪ ಆಯಿಲ್‌ಗೆ ಆ ಮಿತಿ ಇಲ್ಲ. ಹಳೆ ಇಂಜಿನ್‌ಗೆ ದಪ್ಪ ಆಯಿಲ್ ಹಾಕು ಅಂತ ಹಿರಿಯ ಮೆಕ್ಯಾನಿಕ್‌ಗಳು ಹೇಳುವುದರಲ್ಲಿ ಹೀಗೂ ಒಂದು ಹುರುಳಿದೆ.

ಸಾಮಾನಿಗೆ ಜೆ.ಸಿ. ರಸ್ತೆ, ಟೂಲ್‌ಗಳಿಗೆ ಎಸ್.ಪಿ. ರಸ್ತೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹೋಗಿ. ಮಾಜ್ದಾ ನಮ್ಮಲ್ಲಿ ಮಾರಾಟವಾಗದ ಕಾರಾದ್ದರಿಂದ ಫಿಲ್ಟರ್ ಕೇಳಿದರೆ ಅಂಗಡಿಯವರು ಥ್ರೆಡ್ ನೋಡಿ ಹೊಂದುವ ಬೇರೆ ಕಾರಿನ ಫಿಲ್ಟರ್ ಕೊಡಬಹುದು. ಎಂಎಕ್ಸ್-5ರ ಥ್ರೆಡ್ 20 ಮಿಲಿಮೀಟರ್, 1.5 ಪಿಚ್. ಹೋಂಡಾದ ಎಷ್ಟೋ ಕಾರುಗಳದ್ದೂ ಅದೇ. ಆದರೆ ಥ್ರೆಡ್ ಕೂತರೆ ಸಾಲದು. ರಬ್ಬರ್ ರಿಂಗಿನ ಅಳತೆ, ಫಿಲ್ಟರ್ ಕಟ್ಟಿಕೊಂಡಾಗ ಆಯಿಲನ್ನು ನೇರ ದಾಟಿಸುವ ಬೈಪಾಸ್ ವಾಲ್ವಿನ ಒತ್ತಡವೂ ಹೊಂದಬೇಕು. ಇಂಜಿನ್ ನಿಂತಾಗ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇಲ್ಲದ ಫಿಲ್ಟರ್ ಬೇಡವೇ ಬೇಡ. ಫಿಲ್ಟರಿನ ತೂತುಗಳೊಳಗೆ ಇಣುಕಿದರೆ ಅದು ಕಾಣುತ್ತದೆ. ಆಯಿಲ್ ಇಳಿಸಲು ತಳದಲ್ಲಿರುವ ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಮರೆಯಬೇಡಿ.

ಕಾರು ಎತ್ತುವುದು

ಜೀವಕ್ಕೆ ಅಪಾಯ ಇರುವುದು ಇಲ್ಲಿ ಮಾತ್ರ. ಅವಸರ ಬೇಡ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಮಾಡುವುದಾದರೆ ಮೊದಲು ಅಸೋಸಿಯೇಷನ್ನಿನವರಿಗೆ ಒಂದು ಮಾತು ಹೇಳಿ. ಇಳಿಜಾರಿಲ್ಲದ ಸಮ ನೆಲ ಬೇಕು. ಸಿಮೆಂಟ್ ನೆಲ ಒಳ್ಳೆಯದು. ಇಂಟರ್‌ಲಾಕ್ ಇಟ್ಟಿಗೆಯ ನೆಲವಾದರೆ ಜಾಕಿನ ಕೆಳಗೆ ದಪ್ಪ ಪ್ಲೈವುಡ್ ಹಾಕಿ.

ಹತ್ತು ನಿಮಿಷ ಓಡಿಸಿ ಬನ್ನಿ. ಆಯಿಲ್ ಬೆಚ್ಚಗಿದ್ದರೆ ಕೊಳೆಯನ್ನೂ ಸೇರಿಸಿಕೊಂಡು ಇಳಿಯುತ್ತದೆ. ತೀರಾ ಬಿಸಿಯಾದರೆ ಸೈಲೆನ್ಸರ್ ಪೈಪು ಮೊಣಕೈ ಸುಡುತ್ತದೆ. ಬಂದ ಮೇಲೆ ಕಾಲು ಗಂಟೆ ಬಿಡಿ.

ಸ್ಪೋರ್ಟ್ಸ್ ಕಾರಿನ ತಕರಾರು ಏನೆಂದರೆ ಅದು ನೆಲಕ್ಕೆ ತೀರಾ ಹತ್ತಿರ. ಟ್ರಾಲಿ ಜಾಕ್ ಒಳಗೆ ಹೋಗುವುದೇ ಇಲ್ಲ. ಎರಡು ಅಗಲ ಹಲಗೆ ಇಟ್ಟು ಮುಂದಿನ ಚಕ್ರಗಳನ್ನು ಅದರ ಮೇಲೆ ಹತ್ತಿಸಿದರೆ ಜಾಗ ಸಿಗುತ್ತದೆ. ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿಡಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಪುಸ್ತಕ ತೋರಿಸಿದ ಜಾಗದಲ್ಲೇ ಜಾಕ್ ಕೊಟ್ಟು, ಎರಡೂ ಬದಿಗೆ ಜಾಕ್ ಸ್ಟ್ಯಾಂಡ್ ಇಟ್ಟು, ಕಾರನ್ನು ಅದರ ಮೇಲೆ ಇಳಿಸಿ. ಕೆಳಗೆ ನುಸುಳುವ ಮುಂಚೆ ಕಾರನ್ನು ಕೈಯಲ್ಲಿ ಜೋರಾಗಿ ಅಲುಗಿಸಿ ನೋಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು. ಸಿಮೆಂಟ್ ಬ್ಲಾಕ್, ಇಟ್ಟಿಗೆ ಸ್ಟ್ಯಾಂಡಲ್ಲ. ಅವು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ.

ಬಾಕ್ಸ್‌ಸ್ಟರ್‌ನ ಇಂಜಿನ್ ಸೀಟಿನ ಹಿಂದೆ ಇರುವುದರಿಂದ ನಾಲ್ಕೂ ಮೂಲೆ ಸಮನಾಗಿ ಎತ್ತಿದರೆ ಆಯಿಲ್ ಪೂರ್ತಿ ಇಳಿಯುತ್ತದೆ. ಮನೆಯಲ್ಲಿ ಅದು ಕಷ್ಟ. ಲಿಫ್ಟ್ ಇರುವ ಪರಿಚಯದ ಗ್ಯಾರೇಜಿನವರು ಒಂದು ಗಂಟೆ ಜಾಗ ಬಿಟ್ಟುಕೊಟ್ಟರೆ ಅದೇ ಉತ್ತಮ.

ಕೆಳಗೆ ಹೋದ ಮೇಲೆ ಮೊದಲು ಚೇಂಬರ್, ಅಂದರೆ ಇಂಜಿನ್ನಿನ ತಳದ ಆಯಿಲ್ ತೊಟ್ಟಿ, ನೋಡಿ. ನಮ್ಮ ಊರಿನ ಹಂಪ್‌ಗಳಿಗೆ ತಾಗಿ ತಗ್ಗು ಬಿದ್ದಿದೆಯೇ, ಬೋಲ್ಟಿನ ಸುತ್ತ ಜಿನುಗಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಇಳಿಸುವುದು

ಮೇಲೆ ಆಯಿಲ್ ಮುಚ್ಚಳ ಸಡಿಲ ಮಾಡಿ. ಕೆಳಗೆ ನೀವು ಹಿಡಿದಿರುವುದು ಇಂಜಿನ್ನಿನ ಬೋಲ್ಟೇ, ಗೇರ್ ಬಾಕ್ಸಿನದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಎಂಎಕ್ಸ್-5ರಲ್ಲಿ ಇಂಜಿನ್ನಿನದು 19ರ ಬೋಲ್ಟ್, ಗೇರ್ ಬಾಕ್ಸಿನದು 24ರದ್ದು. ಬಾಕ್ಸ್‌ಸ್ಟರ್‌ನದಕ್ಕೆ 8 ಮಿಲಿಮೀಟರಿನ ಎಲ್ಲೆನ್ ಕೀ ಬೇಕು.

ಸ್ಪ್ಯಾನರಿನಿಂದ ಸಡಿಲಿಸಿ, ಆಮೇಲೆ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದು ಬೆರಳಲ್ಲಿ ತಿರುಗಿಸಿ. ಕೊನೆಯ ಸುತ್ತು ಮುಗಿಯಿತು ಅನ್ನಿಸಿದಾಗ ಪಟ್ಟಂತ ಕೈ ಹಿಂದೆ ತೆಗೆಯಿರಿ. ಮೊದಲ ಧಾರೆ ನೇರ ಬೀಳುವುದಿಲ್ಲ, ಒಂದು ಗೇಣು ಆಚೆ ಹಾರುತ್ತದೆ. ಟಬ್ಬನ್ನು ಆ ಲೆಕ್ಕದಲ್ಲಿ ಇಡಿ. ಮಾಜ್ದಾದಿಂದ ಮೂರೂವರೆ ಲೀಟರ್ ಹತ್ತಿರ ಬರುತ್ತದೆ. ಬಾಕ್ಸ್‌ಸ್ಟರ್‌ನಿಂದ ಎಂಟು, ಒಂಬತ್ತು ಲೀಟರ್. ಸಣ್ಣ ಟಬ್ ಇಟ್ಟರೆ ಬೇಸ್‌ಮೆಂಟ್ ತುಂಬ ಆಯಿಲ್.

ಧಾರೆಯ ನಡುವೆ ಒಂದು ಸ್ವಚ್ಛ ಗಾಜಿನ ಬಾಟಲಿ ಒಡ್ಡಿ ಸ್ವಲ್ಪ ಆಯಿಲ್ ಹಿಡಿದಿಟ್ಟುಕೊಳ್ಳಿ. ಮಿಕ್ಕಿದ್ದು ಅರ್ಧ ಗಂಟೆ ಹನಿಯಲಿ.

ಇಳಿದದ್ದನ್ನು ನೋಡುವುದು

ಬಾಟಲಿಯನ್ನು ಬಿಸಿಲಿಗೆ ಹಿಡಿಯಿರಿ. ಕಪ್ಪಗಿದೆ ಅಂತ ಗಾಬರಿ ಬೇಡ. ಕೊಳೆಯನ್ನು ಹಿಡಿದಿಟ್ಟುಕೊಳ್ಳುವುದೇ ಆಯಿಲ್‌ನ ಕೆಲಸ, ಕಪ್ಪಾಗಲೇಬೇಕು.

ಫಿಲ್ಟರ್ ಕಾಫಿಯ ಹಾಗೆ ಹಾಲು ಬೆರೆತ ಬಣ್ಣ ಇದ್ದರೆ ಒಳಗೆ ನೀರಿದೆ. ಮುಚ್ಚಳದ ಕೆಳಗೆ ಮಾತ್ರ ಒಂಚೂರು ಬಿಳಿ ಕೆನೆ ಇದ್ದರೆ ಅದು ಗಿಡ್ಡ ಓಟದ ತೇವ, ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿದರೆ ಹೋಗುತ್ತದೆ. ಇಳಿದ ಆಯಿಲ್ ಅಷ್ಟೂ ಹಾಗೇ ಇದ್ದರೆ ಇಂಜಿನ್ ಹೆಡ್ಡಿನ ಕೆಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಕೂಲೆಂಟ್ ಕಮ್ಮಿಯಾಗಿದೆಯೇ ನೋಡಿ, ಕಾರಣ ತಿಳಿಯುವವರೆಗೆ ಕಾರು ಓಡಿಸಬೇಡಿ.

ಮೂಸಿ ನೋಡಿ. ಗಾಢ ಪೆಟ್ರೋಲ್ ವಾಸನೆ, ಜೊತೆಗೆ ಆಯಿಲ್ ಅಳೆಯುವ ಕಡ್ಡಿ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ತಾನಾಗೇ ಏರಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು, ಕಾರ್ಬುರೇಟರ್ ಗಾಡಿಯಾದರೆ ಫ್ಲೋಟ್ ಕೆಟ್ಟಿರಬಹುದು. ಆಯಿಲ್ ಕಮ್ಮಿಯಾಗಿಲ್ಲ ಅಂತ ಖುಷಿಪಡುವವರು ಇದನ್ನು ಗಮನಿಸುವುದೇ ಇಲ್ಲ.

ಆಮೇಲೆ ಲೋಹ. ಒಂದು ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟಬ್ಬಿನ ತಳದಲ್ಲಿ ಆಡಿಸಿ. ನುಣ್ಣನೆಯ ಬೂದು ಹಿಟ್ಟು ಸ್ವಲ್ಪ ಅಂಟಿದರೆ ಅದು ವಯಸ್ಸಿನ ಸವೆತ. ಕಣ್ಣಿಗೆ ಕಾಣುವ ಚೂರು, ಸೂಜಿಯಂಥ ತುಂಡು ಬಂದರೆ ಉಕ್ಕಿನ ಭಾಗ ಯಾವುದೋ ಒಡೆಯುತ್ತಿದೆ. ಆಯಸ್ಕಾಂತಕ್ಕೆ ಅಂಟದೆ ಬೆಳ್ಳಗೆ ಹೊಳೆಯುವುದು ಅಲ್ಯೂಮಿನಿಯಂ ಇರಬಹುದು. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಬಂದಿದೆ ಎಂದು ಅನುಮಾನಿಸಬೇಕು.

ಇದಕ್ಕಿಂತ ಹೆಚ್ಚು ಹೇಳುವುದು ಫಿಲ್ಟರ್. ಚಿಕ್ಕ ಚೂರುಗಳೆಲ್ಲ ಅದರ ಕಾಗದದ ಮಡಿಕೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಡಬ್ಬಿಯಂಥ ಫಿಲ್ಟರನ್ನು ತಗಡು ಕತ್ತರಿಯಿಂದ ಬಿಚ್ಚಿ. ಹ್ಯಾಕ್ಸಾ ಬ್ಲೇಡ್ ಬೇಡ. ಅದು ಉದುರಿಸುವ ಪುಡಿಯನ್ನೇ ನೋಡಿ ನೀವು ಇಂಜಿನ್ ಹೋಯಿತು ಅಂದುಕೊಳ್ಳುತ್ತೀರಿ. ಕಾಗದವನ್ನು ಬಿಡಿಸಿ, ಹಿಂಡಿ, ಬಿಳಿ ಬಟ್ಟೆಯ ಮೇಲೆ ಹರಡಿ.

ಬಾಕ್ಸ್‌ಸ್ಟರ್ ಇದ್ದವರು ಇದನ್ನು ಪ್ರತಿ ಸಲವೂ ಮಾಡಬೇಕು. ಆ ಇಂಜಿನ್ನಿನಲ್ಲಿ ಕ್ಯಾಮ್‌ಗಳಿಗೆ ಚೈನ್ ಮೂಲಕ ತಿರುಗುವಿಕೆ ಕೊಡುವ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಕೈಕೊಡುವುದು ಜಗತ್ತಿಗೇ ಗೊತ್ತಿರುವ ತೊಂದರೆ. ಕೈಕೊಟ್ಟರೆ ಇಡೀ ಇಂಜಿನ್ ಹೋಗುತ್ತದೆ. ಎಷ್ಟೋ ಸಲ ಅದರ ಮೊದಲ ಸುಳಿವು ಸಿಗುವುದು ಫಿಲ್ಟರಿನ ಮಡಿಕೆಯಲ್ಲಿ ಹೊಳೆಯುವ ಉಕ್ಕಿನ ಚೂರುಗಳಾಗಿ. ಅಲ್ಲೇ ಪ್ಲಾಸ್ಟಿಕ್ ತುಣುಕು ಸಿಕ್ಕರೆ ಅದು ಟೈಮಿಂಗ್ ಚೈನಿನ ಗೈಡಿನದು ಇರಬಹುದು.

ಒಂದು ಸಲ ಕಂಡದ್ದರಿಂದ ತೀರ್ಮಾನಕ್ಕೆ ಬರಬೇಡಿ. ಬಾಟಲಿಗೆ ತಾರೀಕು, ಕಿಲೋಮೀಟರ್ ಬರೆದ ಚೀಟಿ ಅಂಟಿಸಿ ಮುಂದಿನ ಸಲದ್ದರ ಪಕ್ಕದಲ್ಲಿಟ್ಟು ನೋಡಿ. ಅನುಮಾನ ಗಟ್ಟಿಯಾದರೆ ಆಯಿಲ್ ಪರೀಕ್ಷೆ ಮಾಡುವ ಲ್ಯಾಬ್‌ಗೆ ಕಳಿಸಬಹುದು. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಷ್ಟೆಷ್ಟಿದೆ ಎಂದು ಅವರು ಅಳೆದು ಕೊಡುತ್ತಾರೆ.

ಮುಚ್ಚಿ, ತುಂಬಿಸಿ

ಬೋಲ್ಟಿಗೆ ಹೊಸ ವಾಷರ್ ಹಾಕಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ಏರಿಸಿ. ಮಾಜ್ದಾಕ್ಕೆ 30ರಿಂದ 41, ಬಾಕ್ಸ್‌ಸ್ಟರ್‌ಗೆ 50 ನ್ಯೂಟನ್ ಮೀಟರ್ ಬಿಗಿ. ಟಾರ್ಕ್ ರೆಂಚ್ ಇಲ್ಲದವರು ಮೈಬಲವೆಲ್ಲ ಹಾಕುತ್ತಾರೆ, ಥ್ರೆಡ್ ಹೋಗುವುದು ಹಾಗೇ.

ಎಂಎಕ್ಸ್-5ರ ಫಿಲ್ಟರ್ ಇಂಜಿನ್ನಿನ ಬಲಬದಿಯಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿ ಕೂತಿದೆ. ಬಲ ಮುಂದಿನ ಚಕ್ರ ಬಿಚ್ಚಿದರೆ ಕೈ ಹೋಗುತ್ತದೆ. ಹಳೆ ಫಿಲ್ಟರ್ ಜೊತೆ ಅದರ ರಬ್ಬರ್ ರಿಂಗೂ ಬಂತೇ ನೋಡಿ. ಅದು ಇಂಜಿನ್ನಿಗೇ ಅಂಟಿಕೊಂಡು, ಮೇಲೆ ಹೊಸದು ಕೂತರೆ, ಸ್ಟಾರ್ಟ್ ಮಾಡಿದ ಕೂಡಲೇ ಆಯಿಲೆಲ್ಲ ನೆಲಕ್ಕೆ. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿ ಮಾಡಿ. ಬಾಕ್ಸ್‌ಸ್ಟರ್‌ನ ಫಿಲ್ಟರ್ ಮುಚ್ಚಳ ಪ್ಲಾಸ್ಟಿಕ್‌ನದು. ಹೊಸ ಓ-ರಿಂಗ್, 25 ನ್ಯೂಟನ್ ಮೀಟರ್, ಅಷ್ಟೇ.

ಕಾರು ಕೆಳಗಿಳಿಸಿ, ಚಕ್ರದ ನಟ್ ಬಿಗಿ ಮಾಡಿ, ಲಾಳಿಕೆ ಇಟ್ಟು ಮಾಜ್ದಾಕ್ಕೆ ಮೊದಲು ಮೂರು ಲೀಟರ್ ಹಾಕಿ. ಬಾಕ್ಸ್‌ಸ್ಟರ್‌ನಲ್ಲಿ ಆಯಿಲ್ ಹಾಕುವ ಬಾಯಿ ಹಿಂದಿನ ಡಿಕ್ಕಿಯಲ್ಲಿದೆ. ಆಮೇಲೆ ಡಿಪ್‌ಸ್ಟಿಕ್ ನೋಡುತ್ತ ಸ್ವಲ್ಪ ಸ್ವಲ್ಪ ಸೇರಿಸಿ. ನಮ್ಮಲ್ಲಿ ಮೂರೂವರೆ ಲೀಟರಿನ ಡಬ್ಬಿ ಸಿಗುವುದು ಮಾಜ್ದಾದವರಿಗೆ ಅನುಕೂಲ, ಆದರೂ ಸುಮ್ನೆ ಪೂರ್ತಿ ಸುರಿಯಬೇಡಿ. ಮಟ್ಟ ಜಾಸ್ತಿಯಾದರೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ.

ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್. ಹಳೆ ಎಂಎಕ್ಸ್-5ರ ಟ್ಯಾಪೆಟ್ ಮೊದಲಿಗೆ ಟಿಕ್ ಟಿಕ್ ಅನ್ನುವುದು ಸಾಮಾನ್ಯ, ಹೊಸ ಆಯಿಲ್ ತುಂಬಿಕೊಂಡಂತೆ ಕಡಿಮೆಯಾಗುತ್ತದೆ. ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಟ್ಟ ನೋಡಿ.

ಹಳೆ ಆಯಿಲ್ ಎಲ್ಲಿಗೆ?

ಮೋರಿಗೆ ಖಂಡಿತ ಅಲ್ಲ. ಕೋರಮಂಗಲ ಕಡೆಯ ರಾಜಕಾಲುವೆ ಬೆಳ್ಳಂದೂರು ಕೆರೆಗೆ, ಪಶ್ಚಿಮದ್ದು ವೃಷಭಾವತಿಗೆ ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಕೂಡ ಅಪಾಯಕಾರಿ ತ್ಯಾಜ್ಯ. ಸೆಂಟ್ರಿಂಗ್ ಶೀಟಿಗೆ ಹಚ್ಚಲು, ಗೆದ್ದಲು ಹಿಡಿದ ಮರಕ್ಕೆ ಬಳಿಯಲು ಅಂತ ಯಾರಾದರೂ ಕೇಳಿಕೊಂಡು ಬರಬಹುದು, ಕೊಡಬೇಡಿ. ಕೊನೆಗೆ ಮಣ್ಣಿಗೇ ಸೇರುತ್ತದೆ. ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿಸಿ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಮರುಬಳಕೆಯವರಿಗೆ ಡ್ರಮ್ ಕೊಡುವ ವರ್ಕ್‌ಶಾಪ್ ಹುಡುಕಿ ಅಲ್ಲಿ ಕೊಡಿ. ಅದಕ್ಕೆ ಕೂಲೆಂಟ್, ಬ್ರೇಕ್ ಆಯಿಲ್ ಬೆರೆಸಬೇಡಿ, ಬೆರೆತದ್ದನ್ನು ಶುದ್ಧ ಮಾಡುವುದು ಕಷ್ಟ. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರದ ಹೊಟ್ಟು ಹಾಕಿ, ಹೀರಿದ ಮೇಲೆ ಗುಡಿಸಿ.

ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಗ್ಗೆ ಕಂದು ಹನಿ ಕಂಡರೆ ಬೋಲ್ಟ್ ಅಥವಾ ಫಿಲ್ಟರ್ ಇನ್ನೊಮ್ಮೆ ನೋಡಬೇಕು. ಹಸಿರು ಅಥವಾ ಗುಲಾಬಿ ಬಣ್ಣದ ಅಂಟು ನೀರಾದರೆ ಅದು ಕೂಲೆಂಟ್, ನೀವು ಮುಟ್ಟದ ಕಡೆಯಿಂದ ಬಂದದ್ದು. ಬಣ್ಣ, ವಾಸನೆ ಏನೂ ಇಲ್ಲದ ನೀರಾದರೆ ಅದು ಎಸಿಯದು, ಬಿಟ್ಟುಬಿಡಿ.