ಗಂಡಸರಿಗೆ ಒಡವೆ ಮಾರುವುದು: ಚಿಕ್ಕಮಗಳೂರಿನ ನನ್ನ ಅಂಗಡಿಯ ಅನುಭವ

ಗಂಡಸರಿಗೆ ಒಡವೆ ಮೇಲೆ ಆಸೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಚಿಕ್ಕಮಗಳೂರಿನಲ್ಲಿ ಅಪ್ಪನ ಕಾಲದಿಂದ ಬಂದ ಅಂಗಡಿ ನಡೆಸುತ್ತಿದ್ದೇನೆ. ಹೆಂಡತಿ ಸರ ನೋಡುತ್ತಿದ್ದರೆ ಪಕ್ಕದಲ್ಲಿ ಮೊಬೈಲ್ ಹಿಡಿದು ಕೂತ ಗಂಡ, ನಡುನಡುವೆ ಉಂಗುರದ ಟ್ರೇ ಕಡೆ ಕಣ್ಣು ಹಾಯಿಸುತ್ತಾನೆ. ಕೇಳಿದರೆ "ನಂಗ್ಯಾಕೆ ಬಿಡಿ" ಅಂತಾನೆ. ಆಸೆ ಇದೆ, ನಾಲ್ಕು ಜನರ ಎದುರು ಹಾಕಿ ನೋಡೋಕೆ ಸಂಕೋಚ, ಅಷ್ಟೇ. ಆ ಸಂಕೋಚ ಬಿಡಿಸಿದರೆ ಅರ್ಧ ವ್ಯಾಪಾರ ಆದ ಹಾಗೆ.

ಮೊದಲು ಜಾಗ ಬೇರೆ ಮಾಡಿದೆ. ಉಂಗುರ, ಚೈನು, ಕಡಗ, ಬೆಳ್ಳಿ ಉಡಿದಾರ, ಲಿಂಗದ ಕರಡಿಗೆ ಎಲ್ಲ ಒಂದೇ ಕೌಂಟರಿಗೆ ತಂದು ಒಂದು ಸಣ್ಣ ಕನ್ನಡಿ ಇಟ್ಟೆ. ಸುತ್ತ ನಿಂತು ಹೊಗಳಬೇಡಿ ಅಂತ ಕೆಲಸದ ಹುಡುಗರಿಗೆ ಹೇಳಿದ್ದೇನೆ. "ಸೂಪರಾಗಿ ಕಾಣ್ತೀರಾ ಸಾರ್" ಅಂದ ತಕ್ಷಣ ತೆಗೆದಿಟ್ಟು ಎದ್ದವರಿದ್ದಾರೆ. ವಸ್ತುವಿನ ಬಗ್ಗೆ ಮಾತಾಡಿದರೆ ಮಾತ್ರ ಕೂತು ಕೇಳುತ್ತಾರೆ.

ಅಳತೆ ತೆಗೆಯುವ ಹೊತ್ತು ಇದಕ್ಕೆ ಬಹಳ ಒಳ್ಳೆಯದು. ತೋಟದಲ್ಲಿ ದುಡಿದ ಕೈಯಲ್ಲಿ ಬೆರಳಿನ ಗೆಣ್ಣು ದಪ್ಪ, ಬುಡ ಸಣ್ಣ. ಉಂಗುರ ಗೆಣ್ಣು ದಾಟಬೇಕು, ದಾಟಿದ ಮೇಲೆ ಗಿರಗಿರ ತಿರುಗಬಾರದು. ನಮ್ಮೂರ ಚಳಿಗೆ ಬೆಳಿಗ್ಗೆ ಬೆರಳು ಸಣ್ಣಗಾಗಿರುತ್ತದೆ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ "ಗೌಡ್ರೆ, ಪೇಟೆ ಕೆಲಸ ಮುಗಿಸ್ಕೊಂಡು ಮಧ್ಯಾಹ್ನ ಇನ್ನೊಂದ್ಸಲ ಬನ್ನಿ" ಅಂತೀನಿ. ಅಗಲ ಪಟ್ಟಿಯ ಉಂಗುರ ಅದೇ ಅಳತೆಯಲ್ಲೂ ಬಿಗಿ ಕೂರುತ್ತದೆ, ಸ್ವಲ್ಪ ಸಡಿಲವೇ ಇರಬೇಕು. ಇಷ್ಟು ವಿವರ ಹೇಳುವಷ್ಟರಲ್ಲಿ ಅವರೇ ಇನ್ನೊಂದು ಡಿಸೈನ್ ಕೇಳಿರುತ್ತಾರೆ.

ಚೈನು ಅಂದರೆ ಮೊದಲ ಪ್ರಶ್ನೆ "ಗಟ್ಟಿನಾ?" ಗಟ್ಟಿ ಚೈನು ಒಂದು, ಒಳಗೆ ಪೊಳ್ಳಾದದ್ದು ಒಂದು, ಎರಡನ್ನೂ ಕೈಗೇ ಕೊಡುತ್ತೇನೆ. ಪೊಳ್ಳು ಚೈನು ಕಡಿಮೆ ತೂಕಕ್ಕೆ ದಪ್ಪ ಕಾಣುತ್ತದೆ, ಆದರೆ ಜಜ್ಜಿದರೆ ರಿಪೇರಿ ಕಷ್ಟ. ಎದೆಯ ಕೂದಲಿಗೆ ಸಿಕ್ಕಿಕೊಂಡು ಎಳೆಯುವ ಕೊಂಡಿಗಳೂ ಇವೆ, ಅದನ್ನೂ ಮೊದಲೇ ಹೇಳಿಬಿಡಬೇಕು. ಗ್ಯಾರೇಜಿನವರು, ಮಿಲ್ಲಿನವರು ಉಂಗುರ ಕೇಳಿದರೆ ಯಂತ್ರದ ಹತ್ತಿರ ತೆಗೆದಿಡಿ, ಸಿಕ್ಕಿಕೊಂಡರೆ ಬೆರಳೇ ಹೋಗಬಹುದು ಅಂತ ಎಚ್ಚರಿಸುತ್ತೇನೆ. ವ್ಯಾಪಾರ ತಪ್ಪಿದರೂ ಪರವಾಗಿಲ್ಲ.

ಬಿಲ್ಲಿನಲ್ಲಿ ಅಂದಿನ ದರ, ಕಲ್ಲು ಕಳೆದ ತೂಕ, ಮೇಕಿಂಗ್ ಚಾರ್ಜ್, ಶೇ. 3 ಜಿಎಸ್‌ಟಿ ಎಲ್ಲ ಬೇರೆ ಬೇರೆ ಸಾಲು. ವಾಪಸ್ ಕೊಟ್ಟರೆ ಯಾವುದಕ್ಕೆ ದುಡ್ಡು ಬರುತ್ತೆ, ಯಾವುದಕ್ಕೆ ಬರಲ್ಲ ಅಂತ ಕೇಳುವ ಮೊದಲೇ ಹೇಳುತ್ತೇನೆ. 2023ರ ಏಪ್ರಿಲ್ 1ರಿಂದ ಚಿನ್ನದ ಒಡವೆಯ ಹಾಲ್‌ಮಾರ್ಕ್‌ನಲ್ಲಿ, ಅಂದರೆ ಶುದ್ಧತೆಯ ಮುದ್ರೆಯಲ್ಲಿ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆಯಾದ ಗುರುತು) ಕಡ್ಡಾಯ ಆಯಿತಲ್ವಾ? ಅದನ್ನು ನಾನು ಓದಿ ಹೇಳುವುದಿಲ್ಲ. ಭೂತಗನ್ನಡಿ ಕೊಟ್ಟು, ಅವರದೇ ಫೋನಿನಲ್ಲಿ ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ ಅಂತೀನಿ. ತಾವೇ ಪರೀಕ್ಷೆ ಮಾಡಿ ಕೊಂಡವರು ಮುಂದಿನ ಸಲ ಅಣ್ಣತಮ್ಮಂದಿರನ್ನೂ ಕರೆತರುತ್ತಾರೆ. ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ಜಾಹೀರಾತಿಲ್ಲ.

ವಾಟ್ಸಾಪ್ ಸ್ಟೇಟಸ್‌ಗೆ ಮಾಡೆಲ್ ಫೋಟೊ ಹಾಕುವುದಿಲ್ಲ. ಒಪ್ಪಿದ ಗ್ರಾಹಕರ ಕೈ ಮಾತ್ರ, ಜೀಪಿನ ಸ್ಟೇರಿಂಗ್ ಮೇಲೆ, ಕಾಫಿ ಲೋಟದ ಪಕ್ಕ. ಹೊಸ ಡಿಸೈನ್ ತರಿಸುವುದು ಫೆಬ್ರವರಿ, ಮಾರ್ಚಿಗೆ. ಕಾಫಿ ಕುಯ್ಲು ಮುಗಿದು ಕೈಯಲ್ಲಿ ದುಡ್ಡು ಓಡಾಡುವ ಹೊತ್ತು, ಮುಂದೆ ಮದುವೆ ಸೀಸನ್ನು. ಮದುಮಗನ ಉಂಗುರಕ್ಕೆ ಮಾವ ಒಬ್ಬರೇ ಬಂದರೆ, ಹುಡುಗನನ್ನೂ ಕಳಿಸಿ ಅಂತೀನಿ.

ಇನ್ನು ಹೆಂಡತಿಗೆ ಅಂತ ಕೊಳ್ಳಲು ಬರುವವರು. ಬಳೆ ಅಳತೆ ಕೇಳಿದರೆ ಗಾಳಿಯಲ್ಲಿ ಬೆರಳು ಸುತ್ತಿ ತೋರಿಸುತ್ತಾರೆ! ಎರಡು-ನಾಲ್ಕರ ಬಳೆಗೂ ಎರಡು-ಆರರ ಬಳೆಗೂ ಅಡ್ಡಳತೆಯಲ್ಲಿ ಇರುವ ವ್ಯತ್ಯಾಸ ಇಂಚಿನಲ್ಲಿ ಎಂಟನೇ ಒಂದು ಭಾಗ, ಆದರೆ ಕೈಗೆ ಅದು ಬಹಳ ದೊಡ್ಡದು. ಅದಕ್ಕೆ ಅಂಗಡಿಗೆ ಬರುವ ಹೆಂಗಸರನ್ನು ಕೇಳಿ, ಅವರು ಒಪ್ಪಿದರೆ ಬಳೆ, ಉಂಗುರದ ಅಳತೆ, ಮೆಚ್ಚಿದ ಡಿಸೈನ್ ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. "ನಮ್ಮನೆಯವರು ಬಂದ್ರೆ ಇದನ್ನೇ ತೋರಿಸಿ" ಅಂತ ಗುರುತು ಹಾಕಿಸಿ ಹೋದವರೂ ಇದ್ದಾರೆ. ಗಂಡ ಬಂದಾಗ ಅದರಲ್ಲಿ ಎರಡೇ ಎರಡು ತೆಗೆದಿಡುತ್ತೇನೆ. ಹತ್ತು ಹರಡಿದರೆ "ಅವಳನ್ನೇ ಕರ್ಕೊಂಡ್ ಬರ್ತೀನಿ" ಅಂತ ಎದ್ದುಬಿಡುತ್ತಾರೆ.