ಕಾಂಡ್ಲಾ ನೆಡುವ ಮೊದಲು ನೀರು ಅಳೆಯಿರಿ

ಪ್ರತಿ ವರ್ಷ ಜುಲೈ 26ರ ಹೊತ್ತಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಸಂರಕ್ಷಣಾ ದಿನದ ನೆಪದಲ್ಲಿ, ನಮ್ಮ ಅಘನಾಶಿನಿ ಅಳಿವೆಗೆ ಗಿಡ ನೆಡಲು ಜನ ಬರುತ್ತಾರೆ. ಕುಮಟಾ ಪೇಟೆಯಿಂದ ಬರುತ್ತಾರೆ, ಹುಬ್ಬಳ್ಳಿಯಿಂದ, ಬೆಂಗಳೂರಿನಿಂದಲೂ ಬರುತ್ತಾರೆ. ಸುರಿವ ಮಳೆಯಲ್ಲಿ ಮೊಣಕಾಲುಮಟ ಕೆಸರಿಗೆ ಇಳಿಯುವ ಅವರ ಮನಸ್ಸನ್ನು ನಾನು ಗೌರವಿಸುತ್ತೇನೆ. ಆದರೆ ದೋಣಿಯಿಂದ ಇಳಿಯುವ ಮೊದಲೇ ಅವರು ಕೇಳುವುದು ‘ಇಲ್ಲಿ ಎಷ್ಟು ಸಸಿ ಹಿಡಿಯುತ್ತದೆ?’ ಎಂದು. ಕೇಳಬೇಕಾದದ್ದು ಬೇರೆ: ಭರತದ, ಅಂದರೆ ಉಬ್ಬರದ ಹೊತ್ತಿಗೆ ಇಲ್ಲಿ ನೀರು ಎಷ್ಟು ಏರುತ್ತದೆ, ಏರಿದ್ದು ಪೂರ್ತಿ ಇಳಿದುಹೋಗುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದರೆ ಕಾಂಡ್ಲಾ ಬೆಳೆಸುವ ಕೆಲಸದಲ್ಲಿ ಮುಕ್ಕಾಲು ಪಾಲು ಮುಗಿದ ಹಾಗೆ. ನೆಡುವುದು ಕೊನೆಯ ಕೆಲಸ, ಎಷ್ಟೋ ಕಡೆ ಬೇಕಾಗದ ಕೆಲಸ.

ಕಾಂಡ್ಲಾ ನೀರಿನೊಳಗಿನ ಗಿಡವಲ್ಲ. ಭರತದಲ್ಲಿ ನೀರು ಏರಿ ಮುಟ್ಟುವ ಗೆರೆ ಒಂದು, ಇಳಿತದಲ್ಲಿ ಸರಿದು ನಿಲ್ಲುವ ಗೆರೆ ಇನ್ನೊಂದು. ಇವೆರಡರ ನಡುವಿನ ಕೆಸರು ಪಟ್ಟಿಯಲ್ಲಿ ಮೇಲಿನ ಅರ್ಧ ಮಾತ್ರ ಕಾಂಡ್ಲಾಕ್ಕೆ ಒಗ್ಗುತ್ತದೆ. ಆ ಕೆಸರಿನಲ್ಲಿ ಗಾಳಿಯೇ ಇರುವುದಿಲ್ಲ, ಅಗೆದರೆ ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಅದಕ್ಕೇ ಉಪ್ಪಟ್ಟಿ ಎಂಬ ಕಾಂಡ್ಲಾ ಜಾತಿಯ ಬೇರುಗಳು ಪೆನ್ಸಿಲ್ ಗಾತ್ರದಲ್ಲಿ ನೆಲದಿಂದ ಮೇಲೆದ್ದು ನಿಲ್ಲುತ್ತವೆ, ರೈಜೋಫೋರಾ ಎಂಬ ಇನ್ನೊಂದು ಜಾತಿ ಊರುಗಾಲು ಬೇರು ಬಿಡುತ್ತದೆ. ನೀರು ಇಳಿದಾಗ ಸಿಗುವ ಆ ಕೆಲವು ಗಂಟೆಗಳ ಗಾಳಿಯೇ ಅವಕ್ಕೆ ಆಧಾರ. ಪಟ್ಟಿಯ ಕೆಳಭಾಗದಲ್ಲಿ ನೆಟ್ಟ ಎಳೆಯ ಸಸಿ ದಿನದ ಬಹುಪಾಲು ಮುಳುಗಿಯೇ ಇರುತ್ತದೆ. ಉಪ್ಪಿಗಿಂತ ಹೆಚ್ಚಾಗಿ ಉಸಿರುಕಟ್ಟಿ ಸಾಯುತ್ತದೆ.

ಜಾಗ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಎರಡು ಬಿದಿರು ಕೋಲು, ಒಂದು ಟೇಪು, ಇಬ್ಬರು ಮನುಷ್ಯರು ಸಾಕು. ಏಪ್ರಿಲ್, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ಅಳೆಯಿರಿ. ಮಳೆಗಾಲದಲ್ಲಿ ಹೊಳೆಯ ನೆರೆನೀರೂ ಸೇರಿಕೊಂಡು ಲೆಕ್ಕ ಕೆಡುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಬರುವ ಭರತ ಎಲ್ಲಕ್ಕಿಂತ ದೊಡ್ಡದು, ಅದನ್ನೇ ಹಿಡಿಯಿರಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿಮಗೆ ಗೊತ್ತಾಗದಿದ್ದರೆ ಬಲೆ ಬಿಡುವ ಯಾರನ್ನಾದರೂ ಕೇಳಿ, ಗಡಿಯಾರ ನೋಡದೆ ಹೇಳುತ್ತಾರೆ.

ಈಗ ಹತ್ತಿರದಲ್ಲೇ, ಅದೇ ಕಿರುಗಾಲುವೆಯ ದಂಡೆಯಲ್ಲಿ, ಯಾರೂ ನೆಡದೆ ತಾನಾಗಿ ಹುಟ್ಟಿದ ಮರಿಗಿಡಗಳನ್ನು ಹುಡುಕಿ. ಮೊಣಕಾಲಿನಿಂದ ಸೊಂಟದ ಎತ್ತರದವು, ಅಂದರೆ ಕೆಲವು ಬೇಸಿಗೆ ದಾಟಿ ಉಳಿದವು ಆಗಬೇಕು. ಅವುಗಳ ಬುಡದಲ್ಲಿ ಒಂದು ಕೋಲು ಊರಿ. ನೆಡಬೇಕೆಂದಿರುವ ಜಾಗದಲ್ಲಿ ಇನ್ನೊಂದು. ನೀರು ಏರಿ ನಿಂತ ಹೊತ್ತಿಗೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಒಂದೇ ಗಳಿಗೆಯಲ್ಲಿ ಕೋಲಿನ ಬುಡದಿಂದ ನೀರಿನ ಮಟ್ಟದವರೆಗೆ ಅಳೆಯಿರಿ. ನೀರಿನ ಮೇಲ್ಮೈ ಎರಡೂ ಕಡೆ ಒಂದೇ ಸಮ. ಹಾಗಾಗಿ ಆಳದಲ್ಲಿ ಬರುವ ವ್ಯತ್ಯಾಸವೇ ನೆಲದ ವ್ಯತ್ಯಾಸ. ಮರಿಗಿಡದ ಬುಡದಲ್ಲಿ ಒಂದೂವರೆ ಅಡಿ, ನಿಮ್ಮ ಜಾಗದಲ್ಲಿ ಮೂರು ಅಡಿ ಬಂತೆನ್ನಿ: ನಿಮ್ಮ ನೆಲ ಒಂದೂವರೆ ಅಡಿ ತಗ್ಗು, ಅಲ್ಲಿ ಒಂದು ಸಸಿಯನ್ನೂ ಇಡಬೇಡಿ. ಅರ್ಧ ಅಡಿಯೊಳಗಿನ ವ್ಯತ್ಯಾಸವಾದರೆ ಮುಂದುವರಿಯಬಹುದು. ಭರತ ನಡುರಾತ್ರಿ ಬರುವುದಾದರೆ ಒಣ ಕೋಲಿಗೆ ಬುಡದಿಂದ ತುದಿಯವರೆಗೆ ಚಾಕ್‌ಪೀಸು ದಪ್ಪಗೆ ಉಜ್ಜಿ ಸಂಜೆಯೇ ಊರಿ ಬನ್ನಿ. ಬೆಳಿಗ್ಗೆ ಚಾಕ್ ತೊಳೆದುಹೋದ ಗೆರೆ ಕಾಣುತ್ತದೆ.

ನೆಲ ಸರಿಯಾದ ಎತ್ತರದಲ್ಲಿದೆ, ಪಕ್ಕದಲ್ಲೇ ಕಾಯಿ ಬಿಡುವ ಮರಗಳಿವೆ, ಆದರೂ ಒಂದು ಮರಿಗಿಡವೂ ಇಲ್ಲ ಎಂದಾದರೆ ಅಲ್ಲಿ ನಿಂತು ಯೋಚಿಸಿ. ಕಾಂಡ್ಲಾದ ಬೀಜ ನೀರಿನಲ್ಲಿ ತೇಲಿಕೊಂಡೇ ಊರೂರು ತಿರುಗುತ್ತದೆ. ಅದು ಇಲ್ಲಿಗೆ ಬಂದು ಬೇರು ಬಿಡದಿರಲು ಏನೋ ಅಡ್ಡಿ ಇರಲೇಬೇಕು. ಎಮ್ಮೆ ಮೇಯುತ್ತಿರಬಹುದು, ಉಪ್ಪಟ್ಟಿಯ ಸೊಪ್ಪೆಂದರೆ ಅವಕ್ಕೆ ಬಹಳ ಇಷ್ಟ. ನೆರೆಗೆ ಬಂದ ಪ್ಲಾಸ್ಟಿಕ್ ಹಾಸಿಕೊಂಡಿರಬಹುದು. ನಮ್ಮ ಕಡೆ ಹೆಚ್ಚಾಗಿ ಇರುವುದು ಒಡ್ಡು.

ಗಜನಿ ಎಂದರೆ ಅಳಿವೆಯ ಬದಿಯಲ್ಲಿ ಒಡ್ಡು ಕಟ್ಟಿ ಮಾಡಿಕೊಂಡ ಗದ್ದೆ. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಮಾಣಿಕಟ್ಟಾದಲ್ಲಿ ಈಗಲೂ ಕಗ್ಗ ಬೆಳೆಯುವವರಿದ್ದಾರೆ. ಎಷ್ಟೋ ಗಜನಿಗಳು ಪಾಳು ಬಿದ್ದಿವೆ. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದ ಮೇಲೆ ಕರಾವಳಿಯುದ್ದಕ್ಕೂ ಸಿಗಡಿ ಕೆರೆಗಳೂ ಹಾಗೇ ಬಿದ್ದವು. ಅಂಥ ಕಡೆ ಒಡ್ಡು ಅರ್ಧ ಒಡೆದು, ಒಳಗೆ ಬಂದ ನೀರು ಹೊರಗೆ ಹೋಗಲಾರದೆ ನಿಂತು, ಬೇಸಿಗೆಯಲ್ಲಿ ಬತ್ತಿ, ನೆಲ ಬೆಳ್ಳಗೆ ಉಪ್ಪುಗಟ್ಟುತ್ತದೆ. ಅಲ್ಲಿ ನೆಟ್ಟ ಸಸಿ ಮೊದಲ ಏಪ್ರಿಲ್ ದಾಟುವುದಿಲ್ಲ. ಮಾಡಬೇಕಾದ ಕೆಲಸವೆಂದರೆ ಒಡ್ಡಿನ ಯಾವ ಕಡೆ ಹಳೆಯ ಕಾಲುವೆ ಇತ್ತು ಎಂದು ಹಿರಿಯರನ್ನು ಕೇಳಿ ಅಲ್ಲಿ ಬಾಯಿ ತೆರೆಯುವುದು, ಒಳಗೆ ಹೂಳು ಮುಚ್ಚಿದ ಕಾಲುವೆಯನ್ನು ಗುದ್ದಲಿಯಿಂದ ಬಿಡಿಸುವುದು. ನೀರು ಆರಾಮಾಗಿ ಬಂದು ಹೋಗುವಂತಾದರೆ ಮುಂದಿನ ಮಳೆಗಾಲದಲ್ಲಿ ಉಪ್ಪಟ್ಟಿ ತಾನೇ ಬಂದು ಕೂರುತ್ತದೆ. ನದಿ ಬಿತ್ತಿದ್ದು ನಾವು ನೆಟ್ಟಿದ್ದಕ್ಕಿಂತ ಗಟ್ಟಿ, ಎಲ್ಲಿ ಯಾವ ಜಾತಿ ಎಂಬ ಆಯ್ಕೆಯೂ ಅದರದೇ ಆಗಿರುತ್ತದೆ. ಆದರೆ ಗಜನಿಗೆ ಒಡೆಯರಿರುತ್ತಾರೆ, ಹಲವರ ಪಾಲು ಇರುತ್ತದೆ. ಪಕ್ಕದ ಗದ್ದೆಯವರ ಬಾವಿಗೆ ಉಪ್ಪು ಇಳಿದೀತು. ಎಲ್ಲರನ್ನೂ ಕೂರಿಸಿ ಒಪ್ಪಿಗೆ ಪಡೆಯದೆ ಒಡ್ಡಿಗೆ ಗುದ್ದಲಿ ಹಾಕಬೇಡಿ. ಸರ್ಕಾರಿ ಜಾಗವಾದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಅರ್ಜಿ ಕೊಡಲೇಬೇಕು. ಕಾಂಡ್ಲಾ ಇರುವ ನೆಲ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ 1-ಎ ವರ್ಗಕ್ಕೆ, ಎಂದರೆ ಎಲ್ಲಕ್ಕಿಂತ ಬಿಗಿಯಾದ ವರ್ಗಕ್ಕೆ ಸೇರುತ್ತದೆ.

ನೆಡಲೇಬಾರದ ಜಾಗ ಒಂದಿದೆ, ಅದನ್ನು ಒತ್ತಿ ಹೇಳಬೇಕು. ಇಳಿತದಲ್ಲಿ ತೆರೆದುಕೊಳ್ಳುವ ಮರಳು ಮಿಶ್ರಿತ ಬಯಲು ನೋಡಿದವರಿಗೆ ಖಾಲಿ ಬಿದ್ದಂತೆ ಕಾಣುತ್ತದೆ. ಅದು ಖಾಲಿಯಲ್ಲ. ಅದರೊಳಗೆ ಬಳಚು, ಅಂದರೆ ತಿನ್ನುವ ಚಿಪ್ಪುಮೀನು ಇದೆ. ನಮ್ಮಮ್ಮ ಆ ಬಯಲಿನಲ್ಲೇ ಬಗ್ಗಿ ಬಳಚು ಆರಿಸಿ ನಮ್ಮನ್ನು ಸಾಕಿದ್ದು. ಈಗಲೂ ಐಗಳಕುರ್ವೆಯಿಂದ ತದಡಿವರೆಗೆ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ಚಳಿಗಾಲದಲ್ಲಿ ದೂರದೇಶದಿಂದ ಬರುವ ಉದ್ದಕೊಕ್ಕಿನ ಹಕ್ಕಿಗಳು ಹುಳ ಹೆಕ್ಕುವುದೂ ಅಲ್ಲಿಯೇ. ಕೆಲ ವರ್ಷಗಳ ಹಿಂದೆ ಹೊರಗಿನ ಒಂದು ಸಂಸ್ಥೆಯವರು ಇಂಥ ಬಯಲಿನಲ್ಲಿ ಸಾಲು ಹಿಡಿದು ರೈಜೋಫೋರಾ ಊರಿದರು, ಆಸರೆಗೆ ಬಿದಿರು ಕಡ್ಡಿ ಬೇರೆ. ದೀಪಾವಳಿ ಹೊತ್ತಿಗೆ ಒಂದೊಂದು ಸಸಿಯ ದಂಟಿಗೂ ಬಾರ್ನಕಲ್ ಎಂಬ ಚಿಪ್ಪು ಪ್ರಾಣಿ ಮೆತ್ತಿಕೊಂಡು, ಭಾರಕ್ಕೆ ಬಾಗಿ, ಒಂದೂ ಉಳಿಯಲಿಲ್ಲ. ಕಡ್ಡಿಗಳು ಮಾತ್ರ ಉಳಿದು ಬಳಚು ತೆಗೆಯುವ ಹೆಂಗಸರ ಕಾಲು ಗೀರಿದವು. ಊರಿನ ಒಬ್ಬ ಹೆಂಗಸನ್ನು ಕೇಳಿದ್ದರೂ ಆ ದುಡ್ಡು, ಆ ಶ್ರಮ ಉಳಿಯುತ್ತಿತ್ತು.

ಇಷ್ಟೆಲ್ಲ ನೋಡಿಯೂ ನೆಡುವುದೇ ಸರಿ ಅನ್ನಿಸಿತೋ, ಜಾತಿ ಆರಿಸಿ. ಅಳಿವೆಯ ಬಾಯಿ ಹತ್ತಿರದ, ಅಲೆ ತಾಗುವ ಅಂಚಿನಲ್ಲಿ ಸೊನ್ನರೇಷಿಯಾ ಆಲ್ಬಾ, ಉಪ್ಪಟ್ಟಿ. ಕಿರುಗಾಲುವೆಗಳ ಮೆತ್ತನೆ ಕೆಸರಿಗೆ ರೈಜೋಫೋರಾ. ಮಿರ್ಜಾನ, ದಿವಗಿ ಕಡೆಯಂತೆ ಹೊಳೆಯ ಮೇಲ್ಭಾಗದಲ್ಲಿ, ಉಪ್ಪು ಕಡಿಮೆ ಇರುವಲ್ಲಿ, ಕ್ಯಾಂಡೀಲಿಯಾ. ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಏರಿಳಿತ ಇಲ್ಲಿ ಹಳೆಯ ಕ್ರಮದಲ್ಲೇ ನಡೆಯುತ್ತಿದೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಪಕ್ಕದ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಯ ಕತೆ ಬೇರೆ. ಅಲ್ಲಿ ವಿದ್ಯುತ್ ತಯಾರಾದ ಮೇಲೆ ಬಿಡುವ ನೀರು ಬೇಸಿಗೆಯಲ್ಲೂ ಬರುವುದರಿಂದ ಅಳಿವೆ ಸಪ್ಪೆಯಾಗಿದೆ, ಸಿಹಿನೀರು ತಾಳುವ ಸೊನ್ನರೇಷಿಯಾ ಕೇಸಿಯೋಲಾರಿಸ್ ಅಲ್ಲಿ ಚೆನ್ನಾಗಿ ಬರುತ್ತದೆ. ಆದ್ದರಿಂದ ಹೊನ್ನಾವರದ ಬೀಜ ಕುಮಟಾಕ್ಕೆ ಬೇಡ. ನಿಮ್ಮ ಹೊಳೆಯ ಬೀಜ ನಿಮ್ಮ ಹೊಳೆಗೆ.

ರೈಜೋಫೋರಾದ ಬೀಜ ಮರದಲ್ಲೇ ಮೊಳೆತು, ನುಗ್ಗೆಕಾಯಿಯ ಹಾಗೆ ಉದ್ದನೆ ಕೋಡಾಗಿ ಜೋತುಬೀಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಲಿಯುತ್ತವೆ. ಬಲಿತದ್ದನ್ನು ಗುರುತಿಸಲು ಮೇಲ್ತುದಿ ನೋಡಿ. ಕಂದು ಬಣ್ಣದ ಕಾಯಿಗೂ ಹಸಿರು ಕೋಡಿಗೂ ನಡುವೆ ಒಂದು ಬಳೆ ಮೂಡಿರುತ್ತದೆ. ದೊಡ್ಡ ಜಾತಿಯಲ್ಲಿ, ಅಂದರೆ ಮ್ಯುಕ್ರೊನಾಟಾದಲ್ಲಿ ಅದು ಹಳದಿ, ಎಪಿಕ್ಯುಲಾಟಾದಲ್ಲಿ ಕೆಂಪು. ಬಳೆ ಕಾಣದ ಕೋಡನ್ನು ಮುಟ್ಟಬೇಡಿ. ಬಲಿತದ್ದನ್ನು ಹಿಡಿದು ಮೆಲ್ಲಗೆ ತಿರುಗಿಸಿದರೆ ಕಾಯಿಯ ಟೊಪ್ಪಿ ಕಳಚಿ, ಒಳಗಿಂದ ಚೂಪಾದ ಹಸಿರು ಸುಳಿಯೊಂದು ಹೊರಬರುತ್ತದೆ. ಆ ಸುಳಿಯೇ ಗಿಡ. ಅದು ಮುರಿದರೆ ಕೋಡು ದಂಡ. ಮೈಮೇಲೆ ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಒಳಗೆ ಹುಳ ಇದೆ, ಬಿಟ್ಟುಬಿಡಿ. ಹಾಗೆ ಆರಿಸಿದ್ದನ್ನು ಗೋಣಿಚೀಲ ಮುಚ್ಚಿ ನೆರಳಿನಲ್ಲಿ ಒಂದು ವಾರ ಇಡಿ. ಕೆಸರಿನ ಸಣ್ಣ ಏಡಿಗಳಿಗೆ ತಾಜಾ ಕೋಡೆಂದರೆ ಆಸೆ, ಸ್ವಲ್ಪ ಬಾಡಿದ್ದನ್ನು ಅಷ್ಟಾಗಿ ಕಡಿಯುವುದಿಲ್ಲ.

ನೆಡುವುದು ಶ್ರಾವಣ, ಭಾದ್ರಪದದಲ್ಲಿ, ಮಳೆಯ ಹೊಡೆತ ತಗ್ಗಿ ನೀರು ಇನ್ನೂ ಸಪ್ಪೆಯಿರುವಾಗ. ಆಗ ಉಪ್ಪು ಏರುವ ಮುಂಚೆ ಬೇರಿಗೆ ಕೆಲವು ತಿಂಗಳು ಸಿಗುತ್ತದೆ. ಗುಂಡಿ ತೋಡುವ ಅಗತ್ಯವಿಲ್ಲ. ಚೂಪು ಸುಳಿ ಮೇಲೆ, ದಪ್ಪನೆ ಬುಡ ಕೆಳಗೆ ಬರುವಂತೆ ಹಿಡಿದು ಕೈಯಿಂದಲೇ ಒತ್ತಿ. ಉದ್ದದ ಮೂರನೇ ಒಂದು ಪಾಲು ಕೆಸರಿನಲ್ಲಿರಲಿ, ಅದಕ್ಕಿಂತ ಹೆಚ್ಚು ಬೇಡ. ಗಿಡದಿಂದ ಗಿಡಕ್ಕೆ ಒಂದು ಮೀಟರ್ ಅಂತರ ಎನ್ನುವುದು ರೂಢಿ. ನೀರಿನ ಎಳೆತ ಇರುವ ಅಂಚಿನಲ್ಲಿ ನಾನು ಇನ್ನೂ ಹತ್ತಿರ ಹತ್ತಿರ, ಗುಂಪಾಗಿ ಊರುತ್ತೇನೆ. ಒಂದಕ್ಕೊಂದು ಆಸರೆಯಾಗುತ್ತವೆ, ನಡುವೆ ಹೂಳೂ ನಿಲ್ಲುತ್ತದೆ.

ಉಪ್ಪಟ್ಟಿಯ ಕಾಯಿ ಚಪ್ಪಟೆ, ಇಂಚಿನಷ್ಟು ಉದ್ದ. ಅದನ್ನು ನೇರ ಊರಿದರೆ ಭರತ ಎತ್ತಿಕೊಂಡು ಹೋಗುತ್ತದೆ. ಹೊಳೆಯ ನೀರಲ್ಲಿ ಒಂದು ರಾತ್ರಿ ನೆನೆಸಿ, ಸಿಪ್ಪೆ ಬಿಟ್ಟ ಮೇಲೆ, ಅಳಿವೆಯದೇ ಕೆಸರು ತುಂಬಿದ ಚೀಲದಲ್ಲಿ ಅರ್ಧ ಹುದುಗುವಂತೆ ಇಟ್ಟು, ಭರತದ ನೀರು ತಾಗಿ ಹೋಗುವ ಜಾಗದಲ್ಲಿ ಬೆಳೆಸಿ. ಒಂದಡಿ ದಾಟಿದ ಮೇಲೆ ನೆಡಿ. ಆ ಚೀಲಗಳನ್ನು ಎಣಿಸಿ ಒಯ್ಯಿರಿ, ಎಣಿಸಿ ವಾಪಸ್ ತನ್ನಿ.

ಕೆಸರಿಗೆ ಇಳಿಯುವವರು ಲೇಸು ಬಿಗಿದ ಕ್ಯಾನ್ವಾಸ್ ಬೂಟು ಹಾಕಿಕೊಳ್ಳಿ. ಸಿಂಪಿ ಚಿಪ್ಪಿನ ಗಾಯ ಬೇಗ ಮಾಯುವುದಿಲ್ಲ. ಇಳಿತ ಮುಗಿಯಲು ಎರಡು ಗಂಟೆ ಇರುವಾಗ ಇಳಿದು, ನೀರು ತಿರುಗಿದ ಕೂಡಲೇ ಹತ್ತಿ ಬನ್ನಿ. ನಡೆಯುವಾಗ ಉಪ್ಪಟ್ಟಿಯ ಉಸಿರುಬೇರು ತುಳಿಯಬೇಡಿ. ದಂಡೆಯ ಮೇಲಂಚಿನಲ್ಲಿ ಎಕ್ಸೊಕೇರಿಯಾ ಎಂಬ ಹಾಲುಮರ ಇರುತ್ತದೆ. ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಕೊಂಬೆ ಮುರಿಯಲು ಹೋಗಬೇಡಿ.

ನೆಟ್ಟ ಮೇಲೆ ತಿಂಗಳಿಗೊಮ್ಮೆಯಾದರೂ ಹೋಗಿ ಸಸಿಗೆ ಸುತ್ತಿಕೊಂಡ ಪ್ಲಾಸ್ಟಿಕ್, ಹರಿದ ಬಲೆ, ಪಾಚಿ ಬಿಡಿಸಬೇಕು. ಎಮ್ಮೆ ಬರುವ ಕಡೆ ಬೇಲಿ ಬೇಕು, ಬೇಲಿಗಿಂತ ಮೊದಲು ಎಮ್ಮೆಯ ಮನೆಯವರೊಂದಿಗೆ ಮಾತು ಬೇಕು. ಇದು ಎರಡು ವರ್ಷದ ಕೆಲಸ. 2021ರ ಅರಣ್ಯ ಸ್ಥಿತಿ ವರದಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಕಾಂಡ್ಲಾ ಇರುವುದು 13 ಚದರ ಕಿಲೋಮೀಟರ್ ಮಾತ್ರ. ಪಶ್ಚಿಮ ಬಂಗಾಳದಲ್ಲಿ ಎರಡು ಸಾವಿರ ಚದರ ಕಿಲೋಮೀಟರ್ ಮೀರಿದೆ. ನಮ್ಮಲ್ಲಿರುವ ಇಷ್ಟರಲ್ಲಿ ಒಂದು ದಂಡೆ ಉಳಿದರೂ ಅದು ದೊಡ್ಡದು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ನೆಟ್ಟ ದಿನದ ಎಣಿಕೆಯನ್ನು ಯಾರಿಗೂ ಹೇಳಬೇಡಿ. ಮೊದಲ ಬೇಸಿಗೆ ಕಳೆದು, ಮೇ ಕೊನೆಯಲ್ಲಿ ಎಷ್ಟು ಸಸಿ ಹೊಸ ಎಲೆ ಬಿಟ್ಟಿವೆ ಎಂದು ಎಣಿಸಿ ಬರೆದಿಡಿ. ಎಲ್ಲಿ ಸತ್ತವು ಎನ್ನುವುದನ್ನೂ ಬರೆಯಿರಿ. ಸತ್ತವೆಲ್ಲ ಒಂದೇ ಕಡೆ ಇದ್ದರೆ ಅಲ್ಲಿ ಹೊಸ ಸಸಿ ತಂದು ತುಂಬಬೇಡಿ. ಬಿದಿರು ಕೋಲು ತೆಗೆದುಕೊಂಡು ಹೋಗಿ, ಮುಂದಿನ ಹುಣ್ಣಿಮೆಯ ಭರತಕ್ಕೆ ಆ ಮೂಲೆಯ ನೀರು ಇನ್ನೊಮ್ಮೆ ಅಳೆಯಿರಿ.