ಅವ್ವನ ಮೊಣಕಾಲಿಗೆ ಒಗ್ಗಿದ ಸೈಕಲ್

ಬೆಳಗಾವಿಯಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಅವ್ವನ ವಾಕಿಂಗ್ ನಿಂತೇ ಹೋಗುತ್ತದೆ. ಉಳಿದ ದಿನ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ತಪ್ಪದೆ ನಡೆಯುವವಳು. ನಡಿಗೆ ತಪ್ಪಿದರೆ ಮೊಣಕಾಲು ಬಿಗಿಯುತ್ತದೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ಡಾಕ್ಟರನ್ನು ಕೇಳಿದೆ. ಮನೆಯಲ್ಲೇ ಕೂತು ವ್ಯಾಯಾಮದ ಸೈಕಲ್ ಹಗುರವಾಗಿ ತುಳಿಯಲಿ ಅಂದರು.

ಮೊದಲು ತಂದದ್ದು ಸ್ಪಿನ್ ಬೈಕ್. ನನಗೂ ಆಗುತ್ತದೆ, ಅವ್ವನಿಗೂ ಆಗುತ್ತದೆ ಎಂಬ ಲೆಕ್ಕ. ಭಾರದ ಗಾಲಿ, ತುಳಿದರೆ ನುಣ್ಣಗೆ ತಿರುಗುತ್ತಿತ್ತು. ಆದರೆ ಅದರಲ್ಲಿ ಗಾಲಿ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ರಸ್ತೆಯ ಸೈಕಲ್ಲಿನ ಹಾಗೆ ಕಾಲು ನಿಲ್ಲಿಸಿ ಸುಮ್ನೆ ಕೂರೋಕೆ ಆಗಲ್ಲ. ನಿಲ್ಲಿಸಬೇಕಂದರೆ ಮುಂದಿನ ನಾಬ್ ಕೆಳಗೆ ಒತ್ತಬೇಕು. ಮೂರನೇ ದಿನ ಅವ್ವ ದಣಿದು ಕಾಲು ತೆಗೆದಳು. ಸುತ್ತಿ ಬಂದ ಪೆಡಲ್ ಮೊಣಕಾಲ ಕೆಳಗೆ ಎಲುಬಿಗೇ ಬಡಿಯಿತು. ವಾರವಿಡೀ ನೀಲಿಗಟ್ಟಿತ್ತು. ಈ ವಿಷಯ ಮೊದಲೇ ತಿಳಿದುಕೊಳ್ಳದೆ ಅವಳನ್ನು ಕೂರಿಸಿದ್ದು ನನ್ನದೇ ತಪ್ಪು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಎರಡನೇ ಸಲ ಅವ್ವನನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ನೆಟ್ಟಗೆ ಕೂತು ತುಳಿಯುವ ಅಪ್‌ರೈಟ್ ಬೈಕ್ ಜಾಗ ಕಡಿಮೆ ತಿನ್ನುತ್ತದೆ, ನಿಜ. ಆದರೆ ಇಳಕಲ್ ಸೀರೆಯಲ್ಲಿ ನಡುವಿನ ಕಂಬಿ ದಾಟಿಸಿ ಕಾಲು ಹಾಕೋದೇ ಅವಳಿಗೆ ಕಷ್ಟವಾಯಿತು. ಪಕ್ಕದಲ್ಲಿ ರಿಕಂಬೆಂಟ್ ಇತ್ತು. ಅಗಲ ಸೀಟು, ಬೆನ್ನಿಗೆ ಆಸರೆ, ಪೆಡಲ್ ಮುಂದೆ. ದಾಟೋಕೆ ಏನೂ ಅಡ್ಡ ಇಲ್ಲ. ಯಾರ ಕೈಯನ್ನೂ ಹಿಡಿಯದೆ ಕೂತಳು. “ಇದು ಕುರ್ಚಿ ಇದ್ದಂಗ ಐತಲ್ಲೋ” ಅಂದಳು.

ಅಲ್ಲೇ ಹತ್ತು ನಿಮಿಷ ತುಳಿಸಿದೆ. ಪೆಡಲ್ ದೂರ ಹೋದಾಗ ಮೊಣಕಾಲು ಪೂರ್ತಿ ಚಾಚಬಾರದು, ಸ್ವಲ್ಪ ಮಡಚಿರಬೇಕು. ಸೀಟನ್ನು ಎರಡು ತೂತು ಮುಂದೆ ತಂದ ಮೇಲೆ ಸರಿಹೋಯಿತು. ನನ್ನ ಪ್ರಕಾರ ಸೈಕಲ್ಲಿನ ಸ್ಕ್ರೀನ್ ಮೇಲೆ ಏನೇನು ಕಾಣುತ್ತದೆ ಅನ್ನೋದಕ್ಕಿಂತ ಇದು ಜಾಸ್ತಿ ಮುಖ್ಯ.

ಹಳೆಯ ಸ್ಪಿನ್ ಬೈಕಿನಲ್ಲಿ ಗಾಲಿಗೆ ಪ್ಯಾಡ್ ಒತ್ತಿ ತುಳಿಯೋದನ್ನು ಬಿಗಿ ಮಾಡುತ್ತಿತ್ತು. ಕಿರ್ರ್ ಎಂಬ ಸದ್ದು ಬೇರೆ, ಪ್ಯಾಡ್ ಸವೆಯೋದು ಬೇರೆ. ಇದರಲ್ಲಿ ಆಯಸ್ಕಾಂತ ಇದೆ, ಗಾಲಿಯನ್ನು ಮುಟ್ಟೋದೇ ಇಲ್ಲ. ಹಾಗಾಗಿ ಸದ್ದಿಲ್ಲ. ಸ್ಕ್ರೀನ್ ಸೆಲ್ ಮೇಲೆ ನಡೆಯುತ್ತದೆ, ಬಿಗಿ ಹೆಚ್ಚಿಸೋದು ಕೈಯಿಂದ. ಮಳೆಗಾಲದಲ್ಲಿ ಕರೆಂಟ್ ಹೋದರೂ ತುಳಿಯಬಹುದು, ಅಲ್ವಾ? ಉದ್ದ ಮಾತ್ರ ಜಾಸ್ತಿ. ಪಡಸಾಲೆಯನ್ನು ಟೇಪ್ ಹಿಡಿದು ಅಳೆದು, ಟೀಪಾಯಿ ಒಳಗೆ ಸರಿಸಿದ ಮೇಲೇ ದುಡ್ಡು ಕೊಟ್ಟೆ.

ಮೊದಲ ವಾರ 5 ನಿಮಿಷ, ಎಲ್ಲಕ್ಕಿಂತ ಕಡಿಮೆ ಬಿಗಿಯಲ್ಲಿ. ಈಗ ಬೆಳಗ್ಗೆ 15, ಸಂಜೆ 15. ಕೂರುವ ಮುಂಚೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಪೆಡಲ್‌ಗೆ ಸಿಗದ ಹಾಗೆ ಸೆರಗನ್ನೂ ಒಮ್ಮೆ ನೋಡಿಕೊಂಡು, ಆಮೇಲೆ ತುಳಿಯುತ್ತಾಳೆ.